ಎಕ್ಸ್ ಬೆಂಚು, ವೈ ಬೆಂಚು

ಮೊದಲು ಒಂದು ಒಗಟು. ಊಟ ಒಂದೇ, ಬಡಿಸುವ ಕೈಯೂ ಒಂದೇ. ಅಣ್ಣನನ್ನು ಮೊದಲು ಕೂರಿಸಿದರೆ ಉಳಿದದ್ದೆಲ್ಲ ತಮ್ಮನ ಎಲೆಯಲ್ಲಿ. ತಮ್ಮನನ್ನು ಮೊದಲು ಕೂರಿಸಿದರೆ ಉಳಿದದ್ದೆಲ್ಲ ಅಣ್ಣನ ಎಲೆಯಲ್ಲಿ. ಎರಡು ಸಲವೂ ಬಡಿಸಿದ್ದರಲ್ಲಿ ತಪ್ಪಿಲ್ಲ. ಏನದು?

ತಲೆ ಕೆರ್ಕೋಬೇಡಿ, ಗೊತ್ತಾಗಲ್ಲ. ಉತ್ತರ ಗೊತ್ತಿರೋ ನಾನೇ ಇನ್ನೂ ಬಾಯಿ ಬಿಟ್ಕೊಂಡು ಕೂತಿದ್ದೀನಿ.

ನನ್ನ ಸುತ್ತ ಇಂಥವು ಆಗ್ತಾನೇ ಇರ್ತವೆ. ಸುಮ್ಮನೆ ಕೂತರೂ ಆಗ್ತವೆ, ಸುಮ್ಮನೆ ಕೂರದಿದ್ದರೆ ಬೇಗ ಆಗ್ತವೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದು ಸ್ಕೂಲು ಬಿಟ್ಟವನು ನಾನು. ಮತ್ತೆ ಪರೀಕ್ಷೆ ಕಟ್ಟಿಸ್ತೀನಿ ಅಂತ ಅಪ್ಪ ಸೇರಿಸಿದ ಟ್ಯೂಷನ್ನುಗಳಿಂದೆಲ್ಲ ಕಿತಾಪತಿ ಮಾಡಿ ಹೊರಗೆ ಬಿದ್ದೆ. ಕೊನೆಗೆ ನನ್ನನ್ನ ಸೇರಿಸ್ಕೊಂಡವರು ಒಬ್ಬರೇ, ಲಷ್ಕರ್ ಮೊಹಲ್ಲಾದ ಮಿಸ್ಸು. ಗಲ್ಲಿಯೊಳಗೆ ಒಂದು ಪಾತ್ರೆ ಅಂಗಡಿ, ಅದರ ಮೇಲೆ ಒಂದು ರೂಮು, ಅದರಲ್ಲಿ ಎರಡು ಬೆಂಚು, ಒಂದು ಬೋರ್ಡು. ಅಷ್ಟೇ ಟ್ಯೂಷನ್ನು. ಮಿಸ್ಸಿನ ಮನೆಯಲ್ಲಿ ಇರೋದು ಒಂದೇ ಕೋಣೆ, ಅದರಲ್ಲಿ ಹಾಸಿಗೆ ಹಿಡಿದ ಅವರತ್ತೆ. ಅಲ್ಲಿ ಪಾಠ ಮಾಡೋಕಾಗಲ್ಲ. ಈ ರೂಮು ಹೋದರೆ ಟ್ಯೂಷನ್ನೇ ಹೋಯಿತು.

ರೂಮು ಹೋಗೋ ಭಯ ಯಾವಾಗಲೂ ಇತ್ತು. ಪಾತ್ರೆ ಅಂಗಡಿಯ ಯಜಮಾನರೇ ರೂಮಿನ ಮಾಲೀಕರು. ಹಣೆ ತುಂಬ ವಿಭೂತಿ, ಜೇಬಲ್ಲಿ ಕ್ಯಾಲ್ಕುಲೇಟರು. ಮದುವೆ ಸೀಸನ್ ಬಂದರೆ ಪಾತ್ರೆ ಇಡೋಕೆ ಜಾಗ ಸಾಲದು ಅಂತ ಅವರ ಕಣ್ಣು ನಮ್ಮ ರೂಮಿನ ಮೇಲೆ. ಜಾಗದ ವಿಷಯ ಬಂದರೆ ಗಿರಾಕಿಗಳ ಮುಂದೆಯೂ ಅದೇ ಹಳೇ ಗೋಳು: "ಪಾಲು ಮಾಡುವಾಗ ನಮ್ಮಣ್ಣನ್ನ ಮೊದಲು ಕರೆದ್ರು ಕಣ್ರೀ. ಅವನಿಗೆ ಮೇನ್ ರೋಡ್ ಅಂಗಡಿ, ನನಗೆ ಉಳಿದಿದ್ದು ಈ ಗಲ್ಲಿ." ಹೀಗಂತ ಒಂದು ಕುಕ್ಕರು ಕೊಳ್ಳೋಕೆ ಬಂದವರಿಗೂ ಹೇಳೋರು.

ಅರ್ಧಕ್ಕೆ ಬಿಟ್ಟ ಕಿತಾಪತಿ

ಸೇರಿದ ಹೊಸದರಲ್ಲಿ ಮಿಸ್ಸು ಬೋರ್ಡಿನ ಮೇಲೆ ದೀರ್ಘ ಭಾಗಾಕಾರ ಬರೆದರು. x² + 5x + 6 ಅನ್ನು x + 2 ರಿಂದ ಭಾಗಿಸಿ. "ಮಾಡ್ತಿರಿ, ನೀರು ಕುಡಿದು ಬರ್ತೀನಿ" ಅಂತ ಹೊರಗೆ ಹೋದರು.

ಈ ಲೆಕ್ಕ ನನಗೆ ಹಳೇ ಶತ್ರು. ಇದನ್ನ ಕೆಡಿಸಿದರೆ ಇವತ್ತಿನ ಪಾಠ ಬಂದ್ ಅಂತ ಎದ್ದು ಹೋಗಿ 5x ಪಕ್ಕ ಒಂದು y ಅಂಟಿಸಿದೆ. 2ರ ಪಕ್ಕ ಇನ್ನೊಂದು y. ಮೂರನೇದು ಅಂಟಿಸೋಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಓಡಿ ಬಂದು ಕೂತೆ. ಈಗ ಬೋರ್ಡಿನ ಮೇಲೆ ಇದ್ದದ್ದು x² + 5xy + 6, ಭಾಜಕ x + 2y. ಇದನ್ನ ನೋಡಿದರೆ ದೇವರೂ ಡಸ್ಟರ್ ಎತ್ತಿಕೊಳ್ಳಬೇಕು.

ಮಿಸ್ಸು ಬಂದರು. ಬೋರ್ಡು ನೋಡಿದರು. ಬೈತಾರೆ ಅಂತ ನಾವೆಲ್ಲ ಕುತ್ತಿಗೆ ಒಳಗೆ ಎಳ್ಕೊಂಡೆವು. ಅವರು ಬೈಯಲಿಲ್ಲ. ಹಬ್ಬದ ಸೀರೆ ಕಂಡವರ ಥರ ಮುಖ ಅರಳಿಸಿ, ಸೀಮೆಸುಣ್ಣ ಹಿಡಿದು ಆ ಗಲೀಜನ್ನೇ ಭಾಗಿಸೋಕೆ ಶುರು ಮಾಡಿದರು! ಮೊದಲ ಪದವನ್ನ ಮೊದಲ ಪದದಿಂದ ಭಾಗಿಸು, ಗುಣಿಸು, ಕಳೆ, ಮುಂದಿನದನ್ನ ಇಳಿಸು. ಮೇಲೆ x + 3y ಬಂತು. ಕೆಳಗೆ 6 − 6y² ಅಂತ ಉಳಿಯಿತು.

"ನೋಡಿ, ಬರೀ ಒಂದು ಕೊರತೆ" ಅಂದವರೇ ಆ 6ರ ಪಕ್ಕ ಒಂದು y² ಸೇರಿಸಿದರು. ಅಷ್ಟೇ. ಶೇಷ ಸೊನ್ನೆ. ಅಷ್ಟು ಹೊತ್ತು ಕುಂಟುತ್ತಿದ್ದ ಲೆಕ್ಕ ಬಾಗಿಲ ಬೀಗದ ಥರ ಟಕ್ ಅಂತ ಕೂತುಬಿಟ್ಟಿತು. ನನಗೆ ಮೈಯೆಲ್ಲ ಜುಂ ಅಂತು. ನಾನು ಕೆಡಿಸೋಕೆ ಹಾಕಿದ ಕಸದೊಳಗೆ ಇಷ್ಟು ಚೆಂದದ್ದು ಕೂತಿತ್ತಾ?

ಮಿಸ್ಸು ತಿರುಗಿ, ನನ್ನ ಬೆರಳಿಗೆ ಮೆತ್ತಿದ್ದ ಸೀಮೆಸುಣ್ಣ ನೋಡಿ ಅಂದರು: "ಓದೋದನ್ನ ಅರ್ಧಕ್ಕೆ ಬಿಟ್ಟೋರನ್ನ ಬೇಕಾದಷ್ಟು ನೋಡಿದ್ದೀನಿ. ಕಿತಾಪತಿನೂ ಅರ್ಧಕ್ಕೆ ಬಿಟ್ಟೋನು ನೀನೊಬ್ಬನೇ ಕಣೋ!"

ಬೆಲೆ ಇಲ್ಲದವನ ಎಲೆ

ಆಮೇಲೆ ಮಿಸ್ಸಿಗೂ ರುಚಿ ಹತ್ತಿತು, ನಮಗೂ ಹತ್ತಿತು. ಪರೀಕ್ಷೆಯ ಪಾಠ ಮುಗಿದ ಮೇಲೆ ದಿನಾ ಒಂದು ಎರಡಕ್ಷರದ ಭಾಗಾಕಾರ.

ಒಂದು ದಿನ x³ + y³ ಬಂತು, x + y ಯಿಂದ ಭಾಗಿಸೋಕೆ. ಮಿಸ್ಸು x³ ಬರೆದು, ಮಧ್ಯದಲ್ಲಿ ಎರಡು ಜಾಗ ಖಾಲಿ ಬಿಟ್ಟು, ಆ ತುದಿಗೆ y³ ಬರೆದರು.

"ಮಧ್ಯ ಯಾಕೆ ಮಿಸ್ ಖಾಲಿ?"

"x²y ಬರ್ತಾನೆ, xy² ಬರ್ತಾನೆ. ಈಗ ಇಲ್ಲ, ಬೆಲೆ ಸೊನ್ನೆ. ಆದ್ರೆ ಭಾಗಿಸ್ತಾ ಹೋದಾಗ ಮಧ್ಯದಲ್ಲಿ ಬಂದ್ಬುಡ್ತಾರೆ. ಆಗ ಎಲ್ಲಿ ಕೂರಿಸ್ತೀಯಾ? ಪಂಕ್ತಿ ಊಟದಲ್ಲಿ ಕೈ ತೊಳೆಯೋಕೆ ಹೋದೋನಿಗೆ ಎಲೆ ಹಾಕಿ ಇಡಲ್ವಾ, ಹಂಗೆ."

ನಿಜವಾಗಲೂ ಬಂದರು! ಎಲ್ಲೂ ಇಲ್ಲದವರು ಕಳೆಯೋ ಹೊತ್ತಿಗೆ ಸರಿಯಾಗಿ ಬಂದು, ಬಿಟ್ಟ ಜಾಗದಲ್ಲೇ ಕೂತು, ಕೆಲಸ ಮುಗಿಸಿ, ಒಬ್ಬರೂ ಉಳಿಯದೆ ಎದ್ದು ಹೋದರು. ಶೇಷ ಸೊನ್ನೆ. ನಾನು ಬಿಟ್ಟ ಬಾಯಿ ಮುಚ್ಚಲಿಲ್ಲ.

ಅದೇ ವಾರ ನಮ್ಮ ನೆಂಟರ ಮದುವೆ. ಊಟಕ್ಕೆ ಕೂತಾಗ ನನ್ನ ಎರಡೂ ಪಕ್ಕ ಒಂದೊಂದು ಎಲೆ ಹಿಡಿದಿಟ್ಟೆ. ಬಡಿಸೋರು ಬಂದು "ಇಲ್ಲಿ ಯಾರಪ್ಪ?" ಅಂದರು. "ಬರ್ತಾರೆ, ಬಡ್ಸಿ ಸ್ವಾಮಿ" ಅಂದೆ. ಎರಡೆಲೆಗೂ ಒಬ್ಬಟ್ಟು ಬಿತ್ತು, ತುಪ್ಪ ಬಿತ್ತು. ಬರಬೇಕಾದವರು ಯಾರೂ ಬರಲಿಲ್ಲ. ಒಬ್ಬಟ್ಟು ಆರಿ ಹೋದರೆ ಪಾಪ ಅಂತ ನಾನೇ ಎರಡೂ ಕಡೆಯಿಂದ ಎತ್ತಿಕೊಂಡೆ.

ಹಿಂದೆ ಸೀಟಿಗೆ ಕಾಯ್ತಾ ನಿಂತಿದ್ದ ಚಿಕ್ಕಪ್ಪ ನೋಡಿಬಿಟ್ಟ. ಚಿಕ್ಕಪ್ಪನಿಗೆ ಕೆಲಸ ಇಲ್ಲ, ಆದರೆ ಯಾವ ಮದುವೆಯನ್ನೂ ತಪ್ಪಿಸಲ್ಲ.

"ಯಾರಿಗೋ ಈ ಎಲೆ?"

"ಬೆಲೆ ಸೊನ್ನೆ ಚಿಕ್ಕಪ್ಪ. ಆದ್ರೂ ಸಾಲಲ್ಲಿ ಒಂದು ಜಾಗ ಬಿಡ್ಬೇಕಂತೆ, ಯಾವಾಗ ಬೇಕಾದ್ರೂ ಬಂದ್ಬುಡ್ತಾರಂತೆ."

ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಧಡಕ್ಕನೆ ಕೂತ. "ಮನೇಲಿ ಎಲ್ರೂ ನನ್ನನ್ನ ಹಂಗೇ ಅನ್ನೋದು ಕಣೋ. ಪಲ್ಯದೋನನ್ನ ಕರಿ."

ಮುಗಿಯದ ಲೆಕ್ಕ

ಈಗ ನಿಜವಾದ ಗಂಡಾಂತರಕ್ಕೆ ಬರ್ತೀನಿ.

ಮಿಸ್ಸು x² + y² ಅನ್ನು x + y ಯಿಂದ ಭಾಗಿಸು ಅಂತ ನನ್ನನ್ನ ಬೋರ್ಡಿಗೆ ಕರೆದರು. ನೋಡೋಕೆ ಎಷ್ಟು ಸಾಧು! ಎಕ್ಸ್ ಮುಂದೆ ಇಟ್ಟುಕೊಂಡು ಒಂದು ಹೆಜ್ಜೆ ಹಾಕಿದೆ. −xy + y² ಉಳಿಯಿತು. ಇಲ್ಲಿ ನನ್ನ ತಲೆಗೆ ಒಂದು ನ್ಯಾಯ ಹೊಳೆಯಿತು. ಯಾವಾಗಲೂ ಎಕ್ಸೇ ಮುಂದೆ ಯಾಕೆ? ಪಾಪ, ವೈಗೂ ಒಂದು ಛಾನ್ಸ್ ಕೊಡೋಣ. ಈ ಸಲ ವೈ ಮುಂದೆ ಇಟ್ಟು ಭಾಗಿಸಿದೆ. −2xy ಉಳಿಯಿತು. ಮತ್ತೆ ಎಕ್ಸ್ ಸರದಿ. 2y² ಉಳಿಯಿತು. ಮತ್ತೆ ವೈ. −2xy. ಮತ್ತೆ ಎಕ್ಸ್. 2y².

ಬೋರ್ಡು ಮುಗಿಯಿತು. "ಮಿಸ್, ಜಾಗ ಇಲ್ಲ" ಅಂದೆ. ಮಿಸ್ಸಿಗೆ ಎಲ್ಲಿ ತಪ್ಪಾಗಿದೆ ಅಂತ ಮೊದಲೇ ಗೊತ್ತು. ಆದರೆ ಅವರ ಕಣ್ಣು ಮಿನುಗ್ತಿತ್ತು. ಹೊಸ ಸೀಮೆಸುಣ್ಣ ಕೈಗೆ ಕೊಟ್ಟು, "ನಿಲ್ಲಿಸ್ಬೇಡ, ಎಲ್ಲಿಗೆ ಹೋಗುತ್ತೋ ನೋಡೋಣ, ಗೋಡೆಗೆ ಇಳಿ" ಅಂದರು. ಇಳಿದೆ. −2xy, 2y², −2xy, 2y². ಮೊದಲು ನಿಂತು ಬರೆದೆ, ಆಮೇಲೆ ಬಗ್ಗಿ ಬರೆದೆ, ಕೊನೆಗೆ ನೆಲಕ್ಕೆ ಹೊಟ್ಟೆ ಹಾಕಿ ಬರೆದೆ. ಯಾರೂ ನಗಲಿಲ್ಲ, ನಾನೂ ನಗಲಿಲ್ಲ. ಅರಮನೆ ಸುತ್ತ ಸುತ್ತುವ ಟಾಂಗಾ ಥರ ಅವೇ ಎರಡು ಬರ್ತಾವೆ, ಹೋಗ್ತಾವೆ, ಬರ್ತಾವೆ. ಒಂದು ಸಣ್ಣ ಲೆಕ್ಕದೊಳಗೆ ಕೊನೆಯೇ ಇಲ್ಲದ್ದು ಒಂದು ಇದೆಯಲ್ಲ, ಅದನ್ನ ಮೊದಲ ಸಲ ನೋಡಿದ್ದು ಅಲ್ಲಿ, ನೆಲದ ಮೇಲೆ, ಹೊಟ್ಟೆಯ ಮೇಲೆ ಮಲಗಿ.

"ಮುಂದೆ ನಿಂತೋನನ್ನ ಮಧ್ಯದಲ್ಲಿ ಬದಲಾಯಿಸಿದ್ರೆ ಹಿಂಗೇ ಕಣೋ" ಅಂದರು ಮಿಸ್ಸು ಮೆಲ್ಲಗೆ. "ಯಾರು ಹಿರಿಯ ಅಂತ ಮೊದಲೇ ಒಂದ್ಸಲ ಹೇಳ್ಬೇಕು. ಎಕ್ಸ್ ಆದ್ರೂ ಸರಿ, ವೈ ಆದ್ರೂ ಸರಿ. ಹೇಳಿದ ಮೇಲೆ ಕೊನೇವರೆಗೂ ಅವನೇ."

ಅಷ್ಟರಲ್ಲಿ ಬಾಗಿಲಲ್ಲಿ ಯಜಮಾನರು.

"ಏನ್ ಮಿಸ್ ಇದು? ಮೊನ್ನೆ ತಾನೇ ಸುಣ್ಣ ಹೊಡೆಸಿದ ಗೋಡೆ!"

"ಲೆಕ್ಕ ಯಜಮಾನ್ರೇ."

"ಯಾವಾಗ ಮುಗಿಯುತ್ತೆ?"

ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. "ಇದು ಮುಗಿಯಲ್ಲ" ಅಂದುಬಿಟ್ಟರು.

ಯಜಮಾನರ ವಿಭೂತಿ ಮೂರು ಪಟ್ಟೆಯಿಂದ ಒಂದೇ ಪಟ್ಟೆಗೆ ಬಂತು, ಅಷ್ಟು ಹಣೆ ಸುಕ್ಕಿಸಿದರು. "ಮುಗಿಯದ ಲೆಕ್ಕ ಹೇಳ್ಕೊಡೋಕೆ ನನ್ನ ರೂಮಾ? ಶನಿವಾರ ಬರ್ತೀನಿ. ಇದೇ ಲೆಕ್ಕ, ಇಬ್ಬರು ಹುಡುಗರನ್ನ ಬೇರೆ ಬೇರೆ ಕೂರಿಸಿ ನಾನೇ ಮಾಡಿಸ್ತೀನಿ. ಇಬ್ಬರಿಗೂ ಒಂದೇ ಉತ್ತರ ಬರ್ಬೇಕು. ಬರ್ಲಿಲ್ವೋ, ಸೋಮವಾರದಿಂದ ಇಲ್ಲಿ ಪಾತ್ರೆ."

ಮಿಸ್ಸು "ಯಜಮಾನ್ರೇ, ಒಂದೇ ಉತ್ತರ ಅಂದ್ರೆ..." ಅನ್ನೋಷ್ಟರಲ್ಲಿ ಅವರು ಅರ್ಧ ಮೆಟ್ಟಿಲು ಇಳಿದಿದ್ದರು. ನಾನು ಬಾಗಿಲಿಂದ ಕೂಗಿದೆ: "ಸ್ವಾಮಿ, ಲೆಕ್ಕ ಇನ್ನೂ ಇಳೀತಾನೇ ಇದೆ, ನಿಮ್ಮ ಅಂಗಡೀಲಿ ಸ್ವಲ್ಪ ಗೋಡೆ ಇದ್ರೆ ನೋಡಿ!"

ಹಿರಿಯರು ಯಾರು

ಮಾರನೇ ದಿನ ಮಿಸ್ಸು ನಮ್ಮ ಸರದಿ ಬದಲಾಯಿಸೋ ಚಟಕ್ಕೆ ಮದ್ದು ಮಾಡಿದರು. ಕಿಟಕಿ ಕಡೆ ಬೆಂಚಿಗೆ ಎಕ್ಸ್ ಹಿರಿಯ, ಬಾಗಿಲ ಕಡೆ ಬೆಂಚಿಗೆ ವೈ ಹಿರಿಯ. ಶನಿವಾರದ ಗತಿ ಏನು ಮಿಸ್ ಅಂದಿದ್ದಕ್ಕೆ, "ಯಜಮಾನ್ರಿಗೆ ಹೆದರಿ ಅರ್ಧ ಲೆಕ್ಕ ಹೇಳ್ಕೊಡಲ್ಲ" ಅಂದರು. ನಾನು ಎಕ್ಸ್ ಬೆಂಚು. ವೈ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗಿ, ಅವರಪ್ಪನಿಗೆ ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನ ಅಂಗಡಿ. ಜಾಸ್ತಿ ಮಾತಾಡಲ್ಲ, ಮಾತಾಡಿದರೆ ನನ್ನನ್ನ ಕೋಡಂಗಿ ಅಂತಾಳೆ.

ಈ ಹೊಸ ಕಾನೂನು ನನಗೆ ಎಷ್ಟು ಹಿಡಿಸಿತು ಅಂದರೆ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ಸಾರಿದೆ. "ಒಂದ್ಸಲ ಒಬ್ರನ್ನ ಹಿರಿಯರು ಅಂತ ಒಪ್ಕೊಂಡ್ಮೇಲೆ ಕೊನೇವರೆಗೂ ಅವರೇ ಅಂತೆ. ಮಧ್ಯದಲ್ಲಿ ಬದಲಾಯಿಸಿದ್ರೆ ಯಾವ ಕೆಲಸವೂ ಮುಗಿಯಲ್ವಂತೆ."

ಅಜ್ಜಿ ತರಕಾರಿ ಹೆಚ್ಚೋದನ್ನ ನಿಲ್ಲಿಸಿ ಕಣ್ಣೊರೆಸಿಕೊಂಡರು. "ಎಂಥಾ ಮಾತು ಕಣೋ! ನಿಮ್ಮ ಮಿಸ್ಸು ದೊಡ್ಡ ವಿದ್ಯಾವಂತೆ."

ಅಮ್ಮ ಒಲೆ ಮುಂದಿಂದ ತಿರುಗಲೂ ಇಲ್ಲ. "ನಾಳೆಯಿಂದ ಟ್ಯೂಷನ್ ಬಿಡು."

ಶನಿವಾರ

ಶನಿವಾರ ಸಂಜೆ ಯಜಮಾನರು ಬಂದರು. ನಮ್ಮೆಲ್ಲರ ಮುಖ ನೋಡಿ, ಎಲ್ಲರಿಗಿಂತ ದಡ್ಡನ ಥರ ಕಾಣೋನನ್ನ ಆರಿಸಿದರು. ನನ್ನನ್ನ. ಆಮೇಲೆ ಇನ್ನೊಂದು ಬೆಂಚಿನಿಂದ ಹೂವಿನಂಗಡಿ ಹುಡುಗಿಯನ್ನ. ಕದ್ದು ನೋಡಬಾರದು ಅಂತ ನನ್ನನ್ನ ಬೋರ್ಡಿನ ಮುಂದೆ ನಿಲ್ಲಿಸಿ, ಅವಳನ್ನ ಕೆಳಗೆ ಅಂಗಡಿಗೆ ಕರ್ಕೊಂಡು ಹೋದರು. ಅಲ್ಲಿ ಕಾಗದ ಸಿಗಲಿಲ್ಲ ಅಂತ ಪಾತ್ರೆಗೆ ತೂಕ ಬರೆಯೋ ಮಾರ್ಕರ್ ಕೊಟ್ಟು, ಒಂದು ದೊಡ್ಡ ಹರಿವಾಣ ಮಗುಚಿ ಹಾಕಿ, "ಇದರ ಮೇಲೆ ಮಾಡಮ್ಮ" ಅಂದರಂತೆ.

ನಾನು ಎಕ್ಸ್ ಬೆಂಚಿನವನು. ಕೊನೇವರೆಗೂ ಎಕ್ಸನ್ನೇ ಮುಂದಿಟ್ಟೆ. ಮೇಲೆ x − y, ಕೆಳಗೆ ಶೇಷ 2y². ಮುಗಿಯಿತು! ಗೋಡೆಯಲ್ಲ, ಅರ್ಧ ಬೋರ್ಡೂ ಬೇಕಾಗಲಿಲ್ಲ. ಜೀವನದಲ್ಲಿ ಮೊದಲ ಸಲ ಒಂದು ಭಾಗಾಕಾರ ನನ್ನ ಕೈಲಿ ನಿಂತಿತು.

ಯಜಮಾನರು ಹರಿವಾಣ ಹೊತ್ತುಕೊಂಡು ಬಂದರು, ಹಿಂದೆ ಹುಡುಗಿ. ಹರಿವಾಣವನ್ನ ಬೋರ್ಡಿನ ಪಕ್ಕ ಒರಗಿಸಿದರು. ಅದರ ಮೇಲೆ y − x, ಶೇಷ 2x².

ಯಜಮಾನರು ಒಮ್ಮೆ ಬೋರ್ಡು ನೋಡಿದರು, ಒಮ್ಮೆ ಹರಿವಾಣ ನೋಡಿದರು.

"ಇವನಿಗೆ ವೈ ಉಳಿದದೆ. ಇವಳಿಗೆ ಎಕ್ಸ್ ಉಳಿದದೆ" ಅಂದರು ಯಜಮಾನರು. "ಯಾರು ತಪ್ಪು?"

ಎಲ್ಲರೂ ನನ್ನ ಕಡೆ ನೋಡಿದರು. ನಾನೂ ಅಭ್ಯಾಸಬಲದಿಂದ ಕೈ ಎತ್ತಿದೆ.

"ಇಬ್ಬರದೂ ಸರಿ" ಅಂದರು ಮಿಸ್ಸು.

"ಮಿಸ್, ಒಂದೇ ಪಾತ್ರೆ ಎರಡು ಸಲ ತೂಗಿ ಎರಡು ತೂಕ ಬಂದ್ರೆ ನಾನು ತಕ್ಕಡೀನೇ ಬಿಸಾಕ್ತೀನಿ."

"ಹಾಗಾದ್ರೆ ತೂಗಿ ನೋಡಿ. ಎಕ್ಸಿಗೆ ಒಂದು ಸಂಖ್ಯೆ, ವೈಗೆ ಒಂದು ಸಂಖ್ಯೆ, ನಿಮಗೆ ಬೇಕಾದ್ದು ಹೇಳಿ."

ಯಜಮಾನರು ಕ್ಯಾಲ್ಕುಲೇಟರ್ ತೆಗೆದರು. "ಎಕ್ಸ್ ಐದು. ವೈ ಮೂರು."

ಲೆಕ್ಕದ ಪ್ರಕಾರ ಇಪ್ಪತ್ತೈದು, ಒಂಬತ್ತು, ಒಟ್ಟು ಮೂವತ್ತನಾಲ್ಕು ಬರಬೇಕು. ನನ್ನದು: ಭಾಜಕ ಎಂಟು, ಮೇಲಿನದು ಎರಡು, ಎಂಟೆರಡ್ಲ ಹದಿನಾರು, ಅದಕ್ಕೆ ಶೇಷ ಹದಿನೆಂಟು. ಮೂವತ್ತನಾಲ್ಕು. ಅವಳದು: ಎಂಟನ್ನ ಮೈನಸ್ ಎರಡರಿಂದ ಗುಣಿಸಿದರೆ ಮೈನಸ್ ಹದಿನಾರು, ಅದಕ್ಕೆ ಶೇಷ ಐವತ್ತು. ಮೂವತ್ತನಾಲ್ಕು.

ಯಜಮಾನರು ಕ್ಯಾಲ್ಕುಲೇಟರನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಮತ್ತೆ ಒತ್ತಿದರು. ಎಕ್ಸ್ ಏಳು, ವೈ ಎರಡು. ಅಲ್ಲೂ ಐವತ್ತಮೂರು, ಇಲ್ಲೂ ಐವತ್ತಮೂರು. ಬೆಂಚಿನ ತುದಿಗೆ ಕೂತರು. ಇನ್ನೊಂದು ಜೋಡಿ. ಮತ್ತೊಂದು ಜೋಡಿ. ಕೆಳಗಿಂದ ಯಾರೋ "ಯಜಮಾನ್ರೇ, ಇಡ್ಲಿ ಪಾತ್ರೆ ಎಷ್ಟು?" ಅಂತ ಕೂಗ್ತಿದ್ದರು. ಕೇಳಿಸಿದ ಹಾಗೇ ಕಾಣಲಿಲ್ಲ.

ಆಮೇಲೆ ಎದ್ದು ಹೋಗಿ ನನ್ನ 2y² ಮೇಲೆ ಒಂದು ಬೆರಳು, ಹರಿವಾಣದ 2x² ಮೇಲೆ ಒಂದು ಬೆರಳು ಇಟ್ಟು ನಿಂತರು. "ಮುಂದೆ ನಿಂತೋನು ಪೂರ್ತಿ ಹಂಚಿಹೋಗ್ತಾನೆ. ಉಳಿಕೆಯೆಲ್ಲ ಹಿಂದೆ ನಿಂತೋನ ತಲೆ ಮೇಲೆ. ಅಲ್ವಾ ಮಿಸ್?"

"ಈ ಲೆಕ್ಕದಲ್ಲಿ ಹೌದು."

"ನಿಜವಾಗಿ ಹಿರಿಯ ಯಾರು? ಎಕ್ಸೋ ವೈಯೋ?"

"ಯಾರೂ ಅಲ್ಲ. ನಾವು ಕೂರಿಸಿದ ಹಾಗೆ."

ಒಗಟಿಗೆ ಉತ್ತರ ಇದೇ. ನಾನು ತಮಾಷೆ ಮಾಡೋಣ ಅಂತ ಬಾಯಿ ತೆರೆದೆ. ಯಜಮಾನರ ಮುಖ ನೋಡಿ ಮುಚ್ಚಿದೆ. ಅವರು ನೋಡ್ತಿದ್ದದ್ದು ಬೋರ್ಡನ್ನಲ್ಲ, ಯಾವುದೋ ಹಳೇ ಪಾಲಿನ ಪಂಚಾಯ್ತಿಯನ್ನ.

ಸೋಮವಾರ

ಸೋಮವಾರ ಒಂದೊಂದೇ ಮೆಟ್ಟಿಲು ಎಣಿಸ್ತಾ ಹತ್ತಿದೆ. ಮುಂದೆ ಮಿಸ್ಸು, ಅವರ ಹಿಂದೆ ನಾವು. ಬಾಗಿಲಿಗೆ ಬೀಗ ಇಲ್ಲ. ಒಳಗೆ ಪಾತ್ರೆ ಇಲ್ಲ. ವೈ ಬೆಂಚಿನ ತುದಿಯಲ್ಲಿ ಯಜಮಾನರು, ತೊಡೆ ಮೇಲೆ ಹರಿವಾಣ, ಕೈಯಲ್ಲಿ ಮಾರ್ಕರ್.

"ತಡ ಯಾಕೆ ಮಿಸ್? ನಾನು ಆಗಲೇ ಬಂದಿದ್ದೀನಿ."

"ಯಜಮಾನ್ರೇ, ಪಾತ್ರೆ?"

"ಪಾತ್ರೆ ಹೆಂಗೋ ಒಂದರೊಳಗೊಂದು ಕೂರ್ತವೆ. ನೀವು ಪಾಠ ಶುರು ಮಾಡಿ."

ಹೂವಿನಂಗಡಿ ಹುಡುಗಿ ಜಾಗ ಬಿಟ್ಟು ಸರಿದು ಕೂತಳು. ನಾನು ಕೇಳಿಯೇಬಿಟ್ಟೆ: "ಸ್ವಾಮಿ, ಎಕ್ಸ್ ಬೆಂಚಿಗೆ ಬನ್ನಿ, ಗಾಳಿ ಚೆನ್ನಾಗಿ ಬರುತ್ತೆ."

"ಹೋಗೋ ಲೇ! ಹುಟ್ಟಿದಾಗಿಂದ ಅಣ್ಣನ ಬೆಂಚಲ್ಲೇ ಕೂತಿದ್ದೆ" ಅಂದರು ಯಜಮಾನರು. "ಇಲ್ಲಿ ಒಂದ್ಸಲ ನಾನು ಮೊದಲು ಊಟ ಮಾಡ್ತೀನಿ."

ಓದಿ ನಕ್ಕಿರಾ? ಒಳ್ಳೇದು. ಈಗ ಹೇಳ್ತೀನಿ, ಸಿಟ್ಟಾಗಬೇಡಿ. ನಾನು ಇದನ್ನ ಬರೀತಾ ಇರೋದು ಭಾನುವಾರ. ಶನಿವಾರದ ತನಕ ಎಲ್ಲ ನಿಜ. ಯಜಮಾನರು ಎರಡು ಬೆರಳೂ ತೆಗೆದು, ರೂಮಿನ ವಿಷಯ ಎತ್ತದೆ, ಹರಿವಾಣ ಅಲ್ಲೇ ಬಿಟ್ಟು ಮೆಟ್ಟಿಲು ಇಳಿದು ಹೋದರು. ಮಿಸ್ಸು ಬೋರ್ಡು ಒರೆಸದೆ ಹಾಗೇ ಬಾಗಿಲು ಎಳ್ಕೊಂಡರು. ಸೋಮವಾರದ್ದು ಅಷ್ಟೂ ನಾನು ಕಟ್ಟಿದ್ದು. ಅಲ್ಲಿ ಬೀಗ ಇರುತ್ತೋ ಬೆಂಚು ಇರುತ್ತೋ ನನಗೂ ಗೊತ್ತಿಲ್ಲ. ಇನ್ನೂ ಬರದೇ ಇರೋನಿಗೂ ಸಾಲಲ್ಲಿ ಜಾಗ ಬಿಡಬೇಕು ಅಂದಿದ್ದರಲ್ಲ ಮಿಸ್ಸು, ಅದಕ್ಕೇ ಕೊನೇಲಿ ಜಾಗ ಬಿಟ್ಟಿದ್ದೆ. ಖಾಲಿ ಎಲೆ ನೋಡೋಕಾಗದೆ ನಾನೇ ಬಡಿಸ್ಕೊಂಬುಟ್ಟೆ.